ಗಾಳಿಗೂ ತಿರುಗುವ ಮೀಟರು: ಹುಬ್ಬಳ್ಳಿ–ಧಾರವಾಡದ ಮನೆ ನೀರಿನ ಮೀಟರುಗಳ ಪ್ರಕರಣ ಅಧ್ಯಯನ

ಮನೆಮನೆಯ ನೀರಿನ ಮೀಟರುಗಳನ್ನು ಬದಲಿಸಬೇಕೆಂಬ ಪ್ರಸ್ತಾಪ ಯಾವ ಪಾಲಿಕೆಯ ಮುಂದೆ ಬಂದರೂ ಮಾತು ಮೊದಲು ಹೋಗುವುದು ಮೀಟರಿನ ಬೆಲೆಯ ಕಡೆಗೆ, ಆಮೇಲೆ ಅದನ್ನು ಓದುವ ಯಂತ್ರದ ಕಡೆಗೆ. ಮೀಟರಿಗೆ ನೀರು ತರುವ ಪೈಪಿನ ವಿಚಾರ ಬಂದರೂ ಅದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ಆರಂಭವಾದ ನಿರಂತರ ನೀರು ಪೂರೈಕೆಯಲ್ಲಿ ಈ ಕ್ರಮ ತಿರುವುಮುರುವಾಗಿತ್ತು. ಅಲ್ಲಿ ಮೊದಲು ಪೈಪು ಬದಲಾಯಿತು, ಅದರ ಜೊತೆಗೆ ಮೀಟರು ಬಂತು, ಅಳತೆಗೆ ತಕ್ಕ ಬಿಲ್ಲು ಅದರ ಹಿಂದೆ ಬಂತು. ಓದುವ ತಂತ್ರಜ್ಞಾನದ ಪ್ರಶ್ನೆ ಎದುರಾದದ್ದು ಇವೆಲ್ಲ ಮುಗಿದ ಮೇಲೆ. ಈ ಕ್ರಮವೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ಈ ಕ್ರಮ ಹಿಡಿದ ಮೇಲೆಯೂ ಬಗೆಹರಿಯದೆ ಉಳಿದ ತೊಡಕುಗಳನ್ನೂ ಇಲ್ಲಿ ಬಿಡಿಸಿ ನೋಡಲಾಗಿದೆ.

ನಳ ಬರುವ ದಿನ

1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ಅಡಿಗೆ ಬಂದ ಈ ಅವಳಿ ನಗರದ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ 9.43 ಲಕ್ಷ. ನೀರು ಬರುವುದು ಎರಡು ಕಡೆಯಿಂದ: ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರ ಜಲಾಶಯದಿಂದ ಎತ್ತಿ ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿದ ನೀರು ಒಂದು, ಮಳೆಯನ್ನೇ ನಂಬಿಕೊಂಡ ನೀರಸಾಗರ ಕೆರೆಯಿಂದ ಬಂದು ಕಣವಿಹೊನ್ನಾಪುರದಲ್ಲಿ ಶುದ್ಧವಾಗುವ ನೀರು ಇನ್ನೊಂದು. ಬರಗಾಲದಲ್ಲಿ ಎರಡನೆಯದು ಕೈಕೊಡುತ್ತದೆ. ನಿರಂತರ ಪೂರೈಕೆಯ ವಲಯಗಳ ಹೊರಗೆ ನೀರು ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅಥವಾ ಅದಕ್ಕೂ ತಡವಾಗಿ, ಕೆಲವೇ ಗಂಟೆಗಳ ಕಾಲ ಬರುವುದನ್ನು ಇಲ್ಲಿನ ಜನ ದಶಕಗಳ ಕಾಲ ಕಂಡಿದ್ದಾರೆ.

ಇಂಥ ಓಣಿಗಳಲ್ಲಿ ನಲ್ಲಿಯನ್ನು ತೆರೆದಿಟ್ಟೇ ಮಲಗುವ ರೂಢಿಯಿದೆ. ರಾತ್ರಿ ಎರಡಕ್ಕೋ ಮೂರಕ್ಕೋ ವಾಲ್ವ್ ತಿರುಗಿಸಿದರೆ ಕೊಡಕ್ಕೆ ನೀರು ಬೀಳುವ ಸದ್ದೇ ಮನೆಯವರನ್ನು ಎಬ್ಬಿಸಬೇಕು. ಆದರೆ ಮೊದಲು ಬರುವುದು ನೀರಲ್ಲ, ಗಾಳಿ. ನಲ್ಲಿ ಸುಯ್ಯೆನ್ನುತ್ತದೆ, ಕೆಮ್ಮುತ್ತದೆ, ಒಂದಿಷ್ಟು ಕೆಂಪು ನೀರು ಉಗುಳುತ್ತದೆ, ಆಮೇಲೆ ಧಾರೆ ಹಿಡಿಯುತ್ತದೆ. “ನಳ ಬಂತು” ಎಂಬ ಕೂಗು ಓಣಿಯ ತುಂಬ ಹಬ್ಬುವ ಹೊತ್ತಿಗೆ ಹಂಡೆ, ಬ್ಯಾರಲ್, ಸಿಂಟೆಕ್ಸ್ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಅನುಕೂಲವಿದ್ದವರು ನಲ್ಲಿಗೇ ಮೋಟಾರು ಹಚ್ಚಿ ಎಳೆದುಕೊಳ್ಳುತ್ತಾರೆ.

ನಲ್ಲಿ ಕೆಮ್ಮುವ ಆ ಒಂದೆರಡು ನಿಮಿಷಗಳನ್ನು ಮೀಟರಿನ ಕಣ್ಣಿನಿಂದ ನೋಡಬೇಕು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಮಲ್ಟಿಜೆಟ್ ಮೀಟರಿನೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರವಿದೆ. ಸುತ್ತಲಿನ ತೂತುಗಳಿಂದ ಚಿಮ್ಮುವ ನೀರು ಅದನ್ನು ತಿರುಗಿಸುತ್ತದೆ, ಆ ತಿರುಗಾಟ ಅಯಸ್ಕಾಂತದ ಮೂಲಕ ಮೇಲಿನ ಹಲ್ಲುಚಕ್ರಗಳಿಗೆ ದಾಟಿ ಅಂಕಿಯಾಗುತ್ತದೆ. ತನ್ನನ್ನು ತಳ್ಳುತ್ತಿರುವುದು ನೀರೋ ಗಾಳಿಯೋ ಎಂಬ ಭೇದ ಚಕ್ರಕ್ಕೆ ತಿಳಿಯದು. ಖಾಲಿ ಪೈಪಿಗೆ ನೀರು ನುಗ್ಗಿದಾಗ ಮುಂದಿದ್ದ ಗಾಳಿಯೆಲ್ಲ ತೆರೆದ ನಲ್ಲಿಗಳ ಕಡೆಗೆ ಓಡುತ್ತದೆ. ಗಾಳಿಗೆ ತಡೆ ಕಡಿಮೆಯಾದ್ದರಿಂದ ಚಕ್ರ ನೀರಿಗಿಂತ ಜೋರಾಗಿ ಸುತ್ತುತ್ತದೆ. ಪೂರೈಕೆ ನಿಂತಾಗ ಪೈಪಿನ ನೀರು ತಗ್ಗಿನ ಕಡೆಗೆ ಜಾರಿ ಹಿಂದೆ ನಿರ್ವಾತ ಉಂಟಾಗುತ್ತದೆ, ಕೆಲವು ಮೀಟರುಗಳು ಆಗ ಹಿಮ್ಮುಖವಾಗಿಯೂ ತಿರುಗುತ್ತವೆ. ನಡುವಿನ ದಿನಗಳಲ್ಲಿ ಚಕ್ರ ಒಣಗಿ ನಿಲ್ಲುತ್ತದೆ, ಜಾಲರಿಯಲ್ಲಿ ಹೂಳು ಕೂರುತ್ತದೆ, ಅಚ್ಚು ಸವೆಯುತ್ತದೆ. ಹೀಗಾಗಿ ಮೀಟರು ಒಂದು ಮನೆಯಲ್ಲಿ ಹೆಚ್ಚು ತೋರಿಸಿ ಇನ್ನೊಂದರಲ್ಲಿ ಕಡಿಮೆ ತೋರಿಸುತ್ತದೆ, ಕೆಲವು ವರ್ಷಗಳಲ್ಲಿ ನಿಂತೇ ಹೋಗುತ್ತದೆ. “ಗಾಳಿಗೂ ಬಿಲ್ಲು ಹಾಕ್ತಾರ” ಎಂಬ ದೂರನ್ನು ಅಧಿಕಾರಿಗಳು ತಿಳಿಯದವರ ಮಾತೆಂದು ತಳ್ಳಿಹಾಕುವುದುಂಟು. ಯಂತ್ರದ ನಡೆ ಬಲ್ಲವರಿಗೆ ಅದು ಅಕ್ಷರಶಃ ನಿಜ.

ಅವಳಿ ನಗರದ ಬಹುಪಾಲು ಮನೆಗಳಿಗೆ ಅಳತೆಯಿಲ್ಲದ ನಿಗದಿ ದರವೇ ಉಳಿದುಕೊಂಡದ್ದು ಈ ಹಿನ್ನೆಲೆಯಲ್ಲಿ. ಅಳತೆ ನಂಬಲಾಗದ ಕಡೆ ನಿಗದಿ ದರವೇ ಹೆಚ್ಚು ನ್ಯಾಯವಾದದ್ದು ಎಂದರೂ ತಪ್ಪಾಗದು.

ಪೈಪು ಮೊದಲು

ವಿಶ್ವಬ್ಯಾಂಕು 2004ರಲ್ಲಿ 3.95 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ ಕರ್ನಾಟಕ ನಗರ ನೀರು ಸುಧಾರಣಾ ಯೋಜನೆಯಲ್ಲಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ಭಾಗಗಳನ್ನು ಪ್ರಾತ್ಯಕ್ಷಿಕೆ ವಲಯಗಳೆಂದು ಆರಿಸಿಕೊಳ್ಳಲಾಯಿತು. ಮೂರೂ ನಗರಗಳ ಸುಮಾರು ಹತ್ತನೆಯ ಒಂದು ಭಾಗ, ಅಂದರೆ ಒಟ್ಟು 25,000 ಮನೆಗಳ ಆಸುಪಾಸು, ಈ ವಲಯಗಳಲ್ಲಿತ್ತು. ರಾಜ್ಯದ ಪರವಾಗಿ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಯೋಜನೆಯನ್ನು ನಡೆಸಿತು. ಕಾಮಗಾರಿ ಮತ್ತು ಆರಂಭದ ನಿರ್ವಹಣೆಯ ಗುತ್ತಿಗೆ ಫ್ರಾನ್ಸಿನ ವಿಯೋಲಿಯಾ ಸಮೂಹಕ್ಕೆ ಹೋಯಿತು. ನೀರು ಖಾಸಗಿಯವರ ಕೈಗೆ ಹೋಗುತ್ತದೆ, ದರ ಏರುತ್ತದೆ ಎಂದು ನಾಗರಿಕ ಸಂಘಟನೆಗಳು ಆಗಲೇ ವಿರೋಧಿಸಿದ್ದವು. ಆ ವಾದದ ತೂಕವನ್ನು ಇಲ್ಲಿ ಅಳೆಯಲು ಹೊರಟಿಲ್ಲ. ಆದರೆ ಜನರ ಕಣ್ಣಿಗೆ ಆ ಇಡೀ ಯೋಜನೆಯ ಗುರುತಾಗಿ ನಿಂತದ್ದು ಮನೆಯ ಮುಂದಿನ ಮೀಟರು ಎಂಬುದನ್ನು ಮರೆಯುವಂತಿಲ್ಲ.

ಇಲ್ಲಿಯ ಮುಖ್ಯ ತೀರ್ಮಾನವೆಂದರೆ, ಹಳೆಯ ಪೈಪುಗಳ ಮೇಲೆ ಹೊಸ ಮೀಟರು ಕೂರಿಸುವ ಅಗ್ಗದ ದಾರಿಯನ್ನು ಬಿಟ್ಟು, ವಲಯಗಳೊಳಗಿನ ವಿತರಣಾ ಜಾಲವನ್ನು ಹೊಸದಾಗಿಯೇ ಹಾಕಿದ್ದು. ಮುಖ್ಯ ಕೊಳವೆಯಿಂದ ಮನೆಗೆ ಬರುವ ಸಣ್ಣ ಪೈಪು ಕೂಡ ಬದಲಾಯಿತು. ನೀರು ಹೆಚ್ಚಾಗಿ ಸೋರುವುದು ದೊಡ್ಡ ಕೊಳವೆಯಲ್ಲಲ್ಲ, ಮನೆಗೆ ಹೋಗುವ ಈ ಸಂಪರ್ಕಗಳಲ್ಲಿ. ತುಕ್ಕು ಹಿಡಿದ ಜಿಐ (ಸತುವು ಲೇಪಿಸಿದ ಕಬ್ಬಿಣದ) ಪೈಪು, ಗಟಾರದೊಳಗೇ ಹಾದುಹೋಗುವ ಜೋಡಣೆ, ಯಾರೋ ಎಂದೋ ಸುತ್ತಿದ ಟ್ಯೂಬಿನ ತುಂಡು ಇವನ್ನು ಅಗೆದು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಪ್ರತಿ ವಲಯವನ್ನು ನಗರದ ಉಳಿದ ಜಾಲದಿಂದ ಬೇರ್ಪಡಿಸಿ, ಒಳಬರುವ ನೀರನ್ನು ಅಲ್ಲಿಯೇ ಅಳೆಯುವ ವ್ಯವಸ್ಥೆ ಮಾಡಿ, ಒಳಗಿನ ಪ್ರತಿ ಸಂಪರ್ಕಕ್ಕೂ ಮೀಟರು ಕೊಟ್ಟ ಮೇಲಷ್ಟೇ ಒಳಬಂದದ್ದೆಷ್ಟು, ಮನೆಗಳಿಗೆ ಮುಟ್ಟಿದ್ದೆಷ್ಟು ಎಂಬ ಲೆಕ್ಕ ಸಾಧ್ಯವಾಯಿತು.

ಪೈಪು ಸದಾ ತುಂಬಿರುವುದರಿಂದ ಮೀಟರಿಗಾದ ಲಾಭವೇ ನೀರಿಗೂ ಆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಸಂಶೋಧಕರು ಇದೇ ನಗರದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ನೀರು ಬರುವ ಕಡೆಯ ನಲ್ಲಿ ನೀರಿನ ಮಾದರಿಗಳಲ್ಲಿ ಸುಮಾರು ಶೇ 32ರಲ್ಲಿ ಮಲದ ಮೂಲದ್ದೆಂದು ತಿಳಿಯುವ ಇ. ಕೋಲೈ ಬ್ಯಾಕ್ಟೀರಿಯಾ ಸಿಕ್ಕಿತ್ತು. ನಿರಂತರ ಪೂರೈಕೆಯ ಕಡೆ ಅದು ಶೇ 1ಕ್ಕೂ ಕಡಿಮೆ. ಮೀಟರನ್ನು ಹಿಂದಕ್ಕೆ ತಿರುಗಿಸುವ ನಿರ್ವಾತವೇ ಗಟಾರದ ನೀರನ್ನೂ ಒಡಕು ಪೈಪಿನೊಳಕ್ಕೆ ಎಳೆಯುತ್ತದೆ.

ಎಂಟು ಸಾವಿರ ಲೀಟರು

ಅಳತೆ ಬಂದ ಮೇಲೆ ದರಪಟ್ಟಿಯೂ ಬದಲಾಯಿತು. ವಲಯಗಳಲ್ಲಿ ಮೊದಲು ಜಾರಿಯಾದ ದರದಂತೆ ತಿಂಗಳಿಗೆ 8,000 ಲೀಟರಿನವರೆಗೆ ಕನಿಷ್ಠ 48 ರೂಪಾಯಿ. ಅದಕ್ಕೂ ಮೀರಿದ ಬಳಕೆಗೆ ಹಂತಹಂತವಾಗಿ ಏರುವ ದರ. ಐದು ಜನರ ಮನೆಯಲ್ಲಿ 8,000 ಲೀಟರೆಂದರೆ ತಲೆಗೆ ದಿನಕ್ಕೆ 53 ಲೀಟರು. ಒಳಚರಂಡಿ ಇರುವ ನಗರಗಳಿಗೆ ಕೇಂದ್ರದ ಮಾನದಂಡ ತಲೆಗೆ 135 ಲೀಟರು. ಆ ಲೆಕ್ಕದಲ್ಲಿ ಇದೇ ಮನೆಗೆ ತಿಂಗಳಿಗೆ 20,000 ಲೀಟರಿಗೂ ಹೆಚ್ಚು ಬೇಕು. ಬಡವರ ಮನೆಯ ಬಳಕೆ ಮೊದಲ ಹಂತದಲ್ಲಿಯೇ ಮುಗಿಯುತ್ತದೆಂಬ ಊಹೆ ಹಾಗಾದರೆ ಸರಿಯೇ?

ಚಿಕ್ಕ ಕುಟುಂಬಕ್ಕೆ ಅದು ಸರಿ. ಆದರೆ ಹುಬ್ಬಳ್ಳಿಯ ಹಳೆಯ ಚಾಳಗಳಲ್ಲಿ ನಾಲ್ಕು ಮನೆಗೆ ಒಂದೇ ನಳ, ಒಂದೇ ಮೀಟರು. ಪ್ರತಿ ಮನೆಯವರೂ ಜೋಪಾನದಿಂದ 6,000 ಲೀಟರು ಬಳಸಿದರೂ ಮೀಟರು ತೋರಿಸುವುದು 24,000. ಬೇರೆ ಬೇರೆ ಮೀಟರಿದ್ದರೆ ನಾಲ್ವರೂ ಕನಿಷ್ಠ ದರ ಕೊಡುತ್ತಿದ್ದರು; ಒಂದೇ ಮೀಟರಾದ್ದರಿಂದ ನಾಲ್ವರೂ ಕೂಡಿ, ಬಂಗಲೆಯ ತೋಟಕ್ಕೆ ನೀರು ಬಿಡುವವರ ದರದ ಹಂತಕ್ಕೆ ಏರುತ್ತಾರೆ. ಇದು ಮೀಟರಿನ ದೋಷವಲ್ಲ, ಒಂದು ಮೀಟರಿನ ಹಿಂದೆ ಒಂದೇ ಒಲೆ ಎಂದು ಎಣಿಸಿದ ದರಪಟ್ಟಿಯ ದೋಷ. ಮೀಟರು ಬದಲಿಸುವ ಯಾವ ಯೋಜನೆಯೂ ಮೊದಲು ಮಾಡಬೇಕಾದ ಗಣತಿ ಸಂಪರ್ಕಗಳದ್ದಲ್ಲ, ಪ್ರತಿ ಸಂಪರ್ಕದ ಹಿಂದಿರುವ ಒಲೆಗಳದ್ದು.

ಓದುವವರು

ಮೀಟರಿನ ಮುಖದಲ್ಲಿ ಕಪ್ಪು ಅಂಕಿಗಳು ಸಾವಿರ ಲೀಟರುಗಳನ್ನು, ಕೆಂಪು ಅಂಕಿಗಳು ಅದರೊಳಗಿನ ಲೀಟರುಗಳನ್ನು ತೋರಿಸುತ್ತವೆ. ಬಿಲ್ಲಿಗೆ ಬೇಕಾದದ್ದು ಕಪ್ಪು ಅಂಕಿ ಮಾತ್ರ. ಆದರೆ ಅದರ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರವೋ ತ್ರಿಕೋನವೋ ಇರುತ್ತದೆ. ಅತಿ ಸಣ್ಣ ಹರಿವಿಗೂ ಅದು ಮಿಸುಕುತ್ತದೆ. ಓದಲು ಬಂದವರು ಪೆಟ್ಟಿಗೆಯ ಮುಚ್ಚಳ ಎತ್ತಿ, ಕೆಸರು ಬಳಿದ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಕಿ ಬರೆದುಕೊಂಡು, ಮುಚ್ಚುವ ಮೊದಲು ಕೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

“ಅಕ್ಕಾರ, ಮನ್ಯಾಗ ನಳಾ ಎಲ್ಲಾ ಬಂದ್ ಅದಾವೇನ್ರಿ?”

“ಹೌದಪಾ, ಎಲ್ಲಾ ಬಂದ್ ಅದಾವ.”

“ಇಲ್ಲಿ ನೋಡ್ರಿ, ಚಕ್ಕರ ತಿರಗಾಕತ್ತೈತಿ. ಎಲ್ಲೋ ಸೋರಾಕತ್ತೈತ್ರಿ.”

ಸೋರುತ್ತಿರುವುದು ಹೆಚ್ಚಾಗಿ ಪಾಯಿಖಾನೆಯ ಫ್ಲಶ್ ತೊಟ್ಟಿ, ಇಲ್ಲವೇ ಮೇಲಿನ ಟಾಕಿಯ ತೇಲುಗುಂಡು. ಗಂಟೆಗೆ 20 ಲೀಟರಿನಂತೆ ಸದ್ದಿಲ್ಲದೆ ಸೋರಿದರೂ ದಿನಕ್ಕೆ 480, ತಿಂಗಳಿಗೆ 14,400 ಲೀಟರು. ಕನಿಷ್ಠ ದರದ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟು. ನಕ್ಷತ್ರವನ್ನು ಗಮನಿಸಿ ಹೇಳುವ ಒಬ್ಬ ಓದುವವರು ಮನೆಯವರಿಗೆ ಉಳಿಸಿಕೊಡುವ ಹಣ ಸಣ್ಣದಲ್ಲ. ಆದರೆ ಇದು ತಿಂಗಳಿಗೊಮ್ಮೆ ನಡೆಯುವ ಮಾತು. ಓದಿ ಹೋದ ಮರುದಿನ ಶುರುವಾದ ಸೋರಿಕೆ ಮುಂದಿನ ತಿಂಗಳವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಬಾಗಿಲು ಹಾಕಿದ ಮನೆ, ಬೈಕು ನಿಲ್ಲಿಸಿ ಮುಚ್ಚಿದ ಪೆಟ್ಟಿಗೆ, ಮಳೆಗಾಲದಲ್ಲಿ ನೀರು ನಿಂತ ಗುಂಡಿ ಇವು ಬಂದಲ್ಲಿ ಹಿಂದಿನ ತಿಂಗಳ ಸರಾಸರಿಯೇ ಬಿಲ್ಲಾಗುತ್ತದೆ. ಮೂರು ತಿಂಗಳು ಸರಾಸರಿ ಕಟ್ಟಿದವರಿಗೆ ನಾಲ್ಕನೆಯ ತಿಂಗಳು ನಿಜದ ಅಂಕಿ ಒಮ್ಮೆಲೇ ಬಂದು ಬಿದ್ದರೆ, ಜಗಳ ನಡೆಯುವುದು ಅಂಕಿ ಬರೆದುಕೊಂಡವರ ಜೊತೆಗೆ.

ಸಂಪು ಮತ್ತು ತೇಲುಗುಂಡು

ನಿರಂತರ ನೀರು ಬಂದ ಮೇಲೆ ಸಂಪುಗಳು ಬೇಡವಾಗುತ್ತವೆ ಎಂಬುದು ಎಂಜಿನಿಯರುಗಳ ನಿರೀಕ್ಷೆ. ಮನೆ ಕಟ್ಟುವವರು ಅದನ್ನು ಒಪ್ಪಿಲ್ಲ, ಒಪ್ಪದಿರಲು ಅವರಿಗೆ ಕಾರಣಗಳೂ ಇವೆ: ಬರಗಾಲದ ನೆನಪು ಒಂದು, ಎರಡನೆಯ ಮಹಡಿಗೆ ಒತ್ತಡ ಸಾಲದೆಂಬ ಅನುಮಾನ ಇನ್ನೊಂದು. ಹೀಗಾಗಿ ಅನೇಕ ಮನೆಗಳಲ್ಲಿ ಇಪ್ಪತ್ತನಾಲ್ಕು ಗಂಟೆಯ ನೀರೂ ಮೊದಲು ನೆಲದಡಿಯ ಸಂಪಿಗೆ ಇಳಿದು, ಅಲ್ಲಿಂದ ಮೋಟಾರಿನ ಮೂಲಕ ಟಾಕಿಗೆ ಏರಿ, ಆಮೇಲೆ ನಲ್ಲಿಗೆ ಬರುತ್ತದೆ. ಮೀಟರಿನ ದೃಷ್ಟಿಯಲ್ಲಿ ಇದು ದೊಡ್ಡ ವ್ಯತ್ಯಾಸ.

ನಲ್ಲಿಗೆ ನೇರ ನೀರು ಬರುವ ಮನೆಯಲ್ಲಿ ಹರಿವು ಬಂದರೆ ಜೋರಾಗಿ ಬರುತ್ತದೆ, ನಿಂತರೆ ಪೂರ್ತಿ ನಿಲ್ಲುತ್ತದೆ. ಸಂಪಿರುವ ಮನೆಯಲ್ಲಿ ತೇಲುಗುಂಡು ನೀರಿನ ಮಟ್ಟದೊಂದಿಗೆ ನಿಧಾನಕ್ಕೆ ಮೇಲೇರುತ್ತ ಬಾಯಿಯನ್ನು ಕಿರಿದಾಗಿಸುತ್ತ ಹೋಗುತ್ತದೆ. ಕೊನೆಯ ಹಂತದಲ್ಲಿ ಹರಿವು ಗಂಟೆಗೆ ಐವತ್ತು, ಮೂವತ್ತು, ಹದಿನೈದು ಲೀಟರಿಗೆ ಇಳಿದು ಗಂಟೆಗಟ್ಟಲೆ ಹಾಗೆಯೇ ಜಿನುಗುತ್ತದೆ. ಮನೆಗಳಿಗೆ ವಾಡಿಕೆಯಾದ 15 ಮಿಲಿಮೀಟರಿನ ‘ಬಿ’ ವರ್ಗದ ಮೀಟರು ನಿಖರತೆಯ ಭರವಸೆ ಕೊಡುವುದು ಗಂಟೆಗೆ 30 ಲೀಟರಿನಿಂದ ಮೇಲೆ ಮಾತ್ರ. 30ರಿಂದ 120ರವರೆಗೆ ಶೇ 5ರಷ್ಟು, ಅದರ ಮೇಲೆ ಶೇ 2ರಷ್ಟು ತಪ್ಪಿಗೆ ಅವಕಾಶ. 30ಕ್ಕಿಂತ ಕೆಳಗೆ ಚಕ್ರ ಎಳೆದಾಡಿಕೊಂಡು ತಿರುಗುತ್ತದೆ, ಹಳೆಯದಾದರೆ ತಿರುಗುವುದೇ ಇಲ್ಲ. ಸಂಪು ತುಂಬುವ ನೀರಿನ ಒಂದು ಪಾಲು ಹೀಗೆ ಲೆಕ್ಕಕ್ಕೆ ಸಿಗದೆ ಒಳಗೆ ಹೋಗುತ್ತದೆ. ಇದರಲ್ಲಿ ಕಳ್ಳತನವೇನೂ ಇಲ್ಲ, ಮನೆಯವರಿಗೆ ಇದರ ಅರಿವೂ ಇರುವುದಿಲ್ಲ. ಆದರೆ ಸಂಪು ಕಟ್ಟಿಸುವಷ್ಟು ಅನುಕೂಲವಿದ್ದ ಮನೆಗೆ ಅಳತೆ ಕಡಿಮೆ ಬರುತ್ತದೆ, ನಲ್ಲಿಗೆ ನೇರ ಕೊಡ ಹಿಡಿಯುವ ಮನೆಗೆ ಪೂರ್ತಿ ಬರುತ್ತದೆ. ದರಪಟ್ಟಿಯ ಚರ್ಚೆಗಳಲ್ಲಿ ಈ ವಿಷಯ ಕೇಳಿಬರುವುದು ಕಡಿಮೆ.

ಪರಿಹಾರಗಳಿವೆ. ಅಲ್ಟ್ರಾಸಾನಿಕ್ ಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ; ನೀರಿನೊಳಗೆ ಹಾಯುವ ಶಬ್ದತರಂಗದ ವೇಳೆಯ ವ್ಯತ್ಯಾಸದಿಂದ ಹರಿವನ್ನು ಕಂಡುಕೊಳ್ಳುತ್ತದೆ. ಈಗಿನ ಮೀಟರುಗಳಿಗೆ ‘ಆರ್’ ಸಂಖ್ಯೆಯೊಂದನ್ನು ಕೊಡಲಾಗುತ್ತದೆ, ಕಾಯಂ ಹರಿವು ಅಳತೆಯ ಕೆಳಮಿತಿಯ ಎಷ್ಟು ಪಟ್ಟು ಎಂಬುದೇ ಆ ಸಂಖ್ಯೆ; ಗಂಟೆಗೆ 2,500 ಲೀಟರು ಕಾಯಂ ಹರಿವಿನ ಮೀಟರಿಗೆ ಆರ್ 80 ಇದ್ದರೆ ಅದರ ಕೆಳಮಿತಿ 31 ಲೀಟರು, ಆರ್ 400 ಇದ್ದರೆ 6 ಲೀಟರಿನ ಸುಮಾರು. ಬೆಲೆ ಹೆಚ್ಚು, ಬ್ಯಾಟರಿ ಮುಗಿದರೆ ಮೀಟರೇ ಮುಗಿಯಿತು. ನನ್ನ ಮಟ್ಟಿಗೆ, ದುಬಾರಿ ಮೀಟರನ್ನು ಊರಿಗೆಲ್ಲ ಹಾಕುವ ಬದಲು ಸಂಪಿರುವ ದೊಡ್ಡ ಮನೆಗಳಿಗೂ ಅಪಾರ್ಟ್‌ಮೆಂಟುಗಳಿಗೂ ಮೊದಲು ಹಾಕುವುದು ಲೇಸು. ತೇಲುಗುಂಡಿನ ಬದಲು, ಮಟ್ಟ ಇಳಿದಾಗ ಪೂರ್ತಿ ತೆರೆದು ತುಂಬಿದಾಗ ಥಟ್ಟನೆ ಮುಚ್ಚುವ ವಾಲ್ವು ಹಾಕಿಸಿದರೆ ಹಳೆಯ ಮೀಟರೂ ನೆಟ್ಟಗೆ ಅಳೆಯುತ್ತದೆ.

ಒಂದೇ ಗಳಿಗೆಯ ಓದು

ರೇಡಿಯೊ ಮೂಲಕ ಮೀಟರು ಓದುವ ವ್ಯವಸ್ಥೆಗೆ ಸಾಮಾನ್ಯವಾಗಿ ಕೊಡುವ ಸಮರ್ಥನೆ, ಓದುವವರ ಸಂಬಳ ಉಳಿಯುತ್ತದೆ ಎಂಬುದು. ನಮ್ಮ ಕಡೆಯ ಸಂಬಳದ ಮಟ್ಟದಲ್ಲಿ ಈ ಲೆಕ್ಕ ಗಟ್ಟಿಯಲ್ಲ. ನಿಜವಾದ ಲಾಭ ಬೇರೆಡೆ ಇದೆ. ಓದುವವರು ಒಂದು ವಲಯ ಮುಗಿಸಲು ದಿನಗಟ್ಟಲೆ ಹಿಡಿಯುತ್ತದೆ. ಮೊದಲ ಮನೆಯ ಅಂಕಿ ಒಂದನೆಯ ತಾರೀಖಿನದು, ಕೊನೆಯ ಮನೆಯದು ಹದಿನೈದರದು. ವಲಯಕ್ಕೆ ಒಳಬಂದ ನೀರಿನಿಂದ ಈ ಅಂಕಿಗಳ ಮೊತ್ತವನ್ನು ಕಳೆದರೆ ಸಿಗುವುದು ಸೋರಿಕೆ ಮತ್ತು ತಾರೀಖುಗಳ ಕಲಸುಮೇಲೋಗರ. ಎಲ್ಲ ಮೀಟರುಗಳೂ ರಾತ್ರಿ ಎರಡು ಗಂಟೆಗೆ ಮತ್ತು ನಾಲ್ಕು ಗಂಟೆಗೆ ಒಟ್ಟಿಗೆ ತಮ್ಮ ಅಂಕಿ ಹೇಳಿದರೆ, ಊರು ಮಲಗಿರುವ ಆ ಹೊತ್ತಿನಲ್ಲಿ ವಲಯದೊಳಗೆ ಬಂದು ಯಾವ ಮನೆಗೂ ಮುಟ್ಟದ ನೀರು ಬಹುಮಟ್ಟಿಗೆ ನೆಲಕ್ಕೆ ಹೋದ ನೀರೇ. ಎಲ್ಲಿ ಅಗೆಯಬೇಕು ಎಂಬುದು ಅದರಿಂದ ತಿಳಿಯುತ್ತದೆ.

ನ್ಯೂಯಾರ್ಕ್ ನಗರ 2009ರಿಂದ ಎಂಟು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಇಂಥ ರೇಡಿಯೊ ಘಟಕಗಳನ್ನು ಹಾಕಿ, ಮೂರು ತಿಂಗಳಿಗೊಮ್ಮೆ ಸಿಗುತ್ತಿದ್ದ ಅಂಕಿಯನ್ನು ದಿನಕ್ಕೆ ಹಲವು ಬಾರಿ ಸಿಗುವಂತೆ ಮಾಡಿತು. ಬಳಕೆ ಹಠಾತ್ತನೆ ಏರಿದ ಮನೆಯವರಿಗೆ ಇಮೇಲ್ ಎಚ್ಚರಿಕೆ ಹೋಗತೊಡಗಿತು. ನಕ್ಷತ್ರ ನೋಡಿ ಹೇಳುವ ನಮ್ಮ ಓದುವವರ ಕೆಲಸವನ್ನೇ ಅಲ್ಲಿ ಯಂತ್ರ ದಿನವೂ ಮಾಡುತ್ತದೆ. ಆದರೆ ಅಲ್ಲಿಯ ಪೈಪುಗಳು ಯಾವತ್ತೂ ತುಂಬಿಯೇ ಇದ್ದವು ಎಂಬುದನ್ನು ಮರೆತು ಆ ಮಾದರಿಯನ್ನು ಇಲ್ಲಿಗೆ ತರಲಾಗದು. ಪೈಪು ತುಂಬಿರದ ಓಣಿಗಳಿಗೆ ಬೇಕಿದ್ದ ತಂತ್ರಜ್ಞಾನವೇ ಬೇರೆ: 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಹುಬ್ಬಳ್ಳಿ–ಧಾರವಾಡದಲ್ಲಿ ವಾಲ್ವ್‌ಮನ್‌ಗಳಿಂದ ಮಾಹಿತಿ ಪಡೆದು, ನೀರು ಯಾವಾಗ ಬರುತ್ತದೆಂದು ಮನೆಗಳಿಗೆ ಎಸ್‌ಎಂಎಸ್ ಕಳುಹಿಸತೊಡಗಿತು. ನೀರು ಎಷ್ಟು ಎಂಬುದಕ್ಕಿಂತ ಎಷ್ಟೊತ್ತಿಗೆ ಎಂಬುದು ಆ ಮನೆಗಳ ಪ್ರಶ್ನೆಯಾಗಿತ್ತು.

ರೇಡಿಯೊ ಘಟಕ ಹಾಕುವುದಾದರೆ ಎಡವುವುದು ಸಣ್ಣ ಸಂಗತಿಗಳಲ್ಲಿ. ಭಾರತದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 865–868 ಮೆಗಾಹರ್ಟ್ಸ್ ಅಲೆಗಳು ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತವೆ, ನೆಲಮಟ್ಟದ ಗುಂಡಿಯ ಬೀಡುಕಬ್ಬಿಣದ ಮುಚ್ಚಳದ ಕೆಳಗೆ ಉಸಿರುಕಟ್ಟುತ್ತವೆ. ಮುಚ್ಚಳವನ್ನು ಗಟ್ಟಿ ಪ್ಲಾಸ್ಟಿಕ್ಕಿನದಾಗಿ ಬದಲಿಸುವ ಅಥವಾ ಮೀಟರನ್ನೇ ಗೋಡೆಗೆ ಎತ್ತಿ ಹಾಕುವ ಖರ್ಚು ಟೆಂಡರಿನಲ್ಲಿ ಇರದಿದ್ದರೆ, ಘಟಕ ಹಾಕಿದ ಮನೆಗೂ ಓದುವವರು ಮುಚ್ಚಳ ಎತ್ತಲು ಹೋಗಬೇಕಾಗುತ್ತದೆ. ಘಟಕದ ಬ್ಯಾಟರಿ ಹತ್ತು ವರ್ಷ ಬಾಳಬೇಕಾದರೆ ಅದು ದಿನಕ್ಕೆ ಕೆಲವು ಬಾರಿ ಮಾತ್ರ ಮಾತಾಡಬೇಕು, ನಿಮಿಷಕ್ಕೊಮ್ಮೆಯಲ್ಲ. ಬ್ಯಾಟರಿ ಮುಗಿದ ದಿನ ಅದನ್ನು ಯಾರ ಖರ್ಚಿನಲ್ಲಿ ಯಾರು ಬದಲಿಸಬೇಕೆಂಬುದು ಗುತ್ತಿಗೆಯ ಅವಧಿಗಿಂತ ಮುಂದಿನ ಪ್ರಶ್ನೆಯಾದ್ದರಿಂದ ಅದನ್ನು ಯಾರೂ ಬರೆದಿಡಲು ಬಯಸುವುದಿಲ್ಲ.

ಪ್ರಾತ್ಯಕ್ಷಿಕೆ ವಲಯಗಳ ವ್ಯವಸ್ಥೆಯನ್ನು ಇಡೀ ನಗರಗಳಿಗೆ ವಿಸ್ತರಿಸಲು ವಿಶ್ವಬ್ಯಾಂಕು 2016ರಲ್ಲಿ ಮತ್ತೆ 10 ಕೋಟಿ ಡಾಲರ್ ಸಾಲ ಒಪ್ಪಿತು. ಹತ್ತನೆಯ ಒಂದು ಭಾಗಕ್ಕೆ ನಡೆದ ಕೆಲಸವನ್ನು ಉಳಿದ ಒಂಬತ್ತು ಭಾಗಗಳಿಗೆ ಒಯ್ಯುವಾಗ ಅರ್ಧ ನಗರಕ್ಕೆ ಹೊಸ ಪೈಪು, ಇನ್ನರ್ಧಕ್ಕೆ ಹಳೆಯದು ಎಂಬ ಸ್ಥಿತಿ ವರ್ಷಗಳ ಕಾಲ ಇರುತ್ತದೆ. ಈ ನಡುವಿನ ಕಾಲದಲ್ಲಿ, ಪೈಪು ತುಂಬಿ ನಿಲ್ಲದ ಓಣಿಗೂ ಮೀಟರು ಹಾಕಿ ಬಿಲ್ಲು ಶುರುಮಾಡುವ ಆತುರ ಯಾವ ಗುತ್ತಿಗೆಯಲ್ಲೂ ಸಹಜ, ಏಕೆಂದರೆ ಪ್ರಗತಿ ವರದಿಯಲ್ಲಿ ಎಣಿಸಲು ಸುಲಭವಾದದ್ದು ಮೀಟರೇ. ಒಂದು ಓಣಿಗೆ ಕನಿಷ್ಠ ಮೂರು ತಿಂಗಳು ಬಿಡದೆ ನೀರು ಬಂದ ದಾಖಲೆ ಇದ್ದರೆ ಮಾತ್ರ ಅಳತೆಯ ಬಿಲ್ಲು, ಅಲ್ಲಿಯವರೆಗೆ ನಿಗದಿ ದರ ಎಂಬ ನಿಯಮವೊಂದನ್ನು ಗುತ್ತಿಗೆಯಲ್ಲಿಯೇ ಬರೆದರೆ ಈ ಆತುರಕ್ಕೆ ಕಡಿವಾಣ ಬೀಳುತ್ತದೆ.

ಇದರ ಜೊತೆಗೆ ಹಳೆಯ ಲೆಕ್ಕವೊಂದು ಬಾಕಿಯಿದೆ. ಮೊದಲ ವಲಯಗಳಲ್ಲಿ 2008ರ ಆಸುಪಾಸಿನಲ್ಲಿ ಕೂರಿಸಿದ ಮೀಟರುಗಳಿಗೆ ಈಗ ಹದಿನೈದು ವರ್ಷ ದಾಟಿದೆ. ತಿರುಗುವ ಚಕ್ರದ ಮೀಟರು ಇಷ್ಟು ಕಾಲದಲ್ಲಿ ಸಣ್ಣ ಹರಿವಿನ ಅಳತೆಯನ್ನು ಮೊದಲು ಕಳೆದುಕೊಳ್ಳುತ್ತದೆ. ಅವುಗಳಲ್ಲಿ ಇನ್ನೂ ಬದಲಾಗದೆ ಉಳಿದವು ಎಷ್ಟೇ ಇರಲಿ, ಅಂಥ ನೂರು ಮೀಟರುಗಳನ್ನು ಬೇರೆ ಬೇರೆ ಓಣಿಗಳಿಂದ ಬಿಚ್ಚಿ ತಂದು, ಪರೀಕ್ಷಾ ಮೇಜಿನ ಮೇಲೆ ಗಂಟೆಗೆ 15, 30, 120 ಮತ್ತು 1,500 ಲೀಟರಿನ ಹರಿವಿನಲ್ಲಿ ಓಡಿಸಿ ನೋಡಲು ಕೆಲವು ವಾರ ಸಾಕು. ಹೊಸ ಮೀಟರು ಎಂಥದಿರಬೇಕು ಎಂದು ಬರೆಯುವ ಮೊದಲು ಮಾಡಬೇಕಾದ ಕೆಲಸ ಅದು.